ಬಟ್ಟೆ ಕ್ಲಿಪ್ಪಿನ ಮಳೆ ಗಂಟೆ: ಆರನೇ ಕ್ಲಾಸಿನಲ್ಲಿ ಎಂಜಿನಿಯರಿಂಗ್ ಅಂದರೆ ಏನು?

ಕಳೆದ ಡಿಸೆಂಬರಿನ ಒಂದು ಶುಕ್ರವಾರ ಅಕ್ಕನ ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಜಗಲಿಯಲ್ಲಿ ಬಿಸಾಡಿ ಅಜ್ಜಿಯ ಎದುರು ಕೂತಳು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. "ಅಜ್ಜಿ, ನಿಮಗೆ ಯಾವಾಗಲೂ ತಲೆಬಿಸಿ ಮಾಡುವ ಒಂದು ಸಂಗತಿ ಹೇಳಿ" ಅಂದಳು. ಅಜ್ಜಿ ಒಂದು ಕ್ಷಣವೂ ಯೋಚಿಸದೆ "ನಿನ್ನ ಮಾವ" ಅಂದರು. ಮಾವ ಅಂದರೆ ನಾನು.

ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ. ಎರಡನೇ ಸಲ ಕೇಳಿದಾಗ ಅಜ್ಜಿ ಅಂಗಳದ ಕಡೆ ನೋಡಿದರು. ಅಲ್ಲಿ ಅಡಕೆ ಹರಡಿತ್ತು. "ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಹಾಗಿಲ್ಲ. ಮೋಡ ಕಟ್ಟಿದ್ದೂ ಗೊತ್ತಾಗುವುದಿಲ್ಲ, ಹನಿ ಬಿದ್ದದ್ದೂ ಗೊತ್ತಾಗುವುದಿಲ್ಲ. ಎದ್ದು ನೋಡುವಾಗ ಅಡಕೆ ಪೂರಾ ಚಂಡಿ." ಇದನ್ನು ಬರೆದುಕೊಂಡಳು.

ಅದು ಶಾಲೆಯ ಹೋಂವರ್ಕ್. ಆರನೇ ಕ್ಲಾಸಿನ ಟೀಚರ್ ಹೇಳಿ ಕಳಿಸಿದ್ದರಂತೆ, ನಿಮಗೆ ಗೊತ್ತಿರುವ ಒಬ್ಬರಿಗೆ ನಿಜವಾಗಿಯೂ ಇರುವ ಒಂದು ತೊಂದರೆ ಹುಡುಕಿ ಬನ್ನಿ ಅಂತ. ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ಇಲ್ಲದ ಪ್ರಶ್ನೆ. ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಕಡೆಯ ಅಪ್ಪ ಅಮ್ಮಂದಿರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಇದನ್ನೇ ಕೇಳುತ್ತಾರೆ: ಇದು ಪಾಠವಾ, ಆಟವಾ? ಇಷ್ಟು ಸಣ್ಣ ಮಕ್ಕಳಿಗೆ ಎಂಥ ಎಂಜಿನಿಯರಿಂಗ್?

ಈಗ ಯಾಕೆ ಈ ಮಾತು ಬಂತು

ಕೇರಳದಲ್ಲಿ ಐದರಿಂದ ಏಳರ ತನಕ ಯು.ಪಿ., ಅಂದರೆ ಅಪ್ಪರ್ ಪ್ರೈಮರಿ, ಎಂಟರಿಂದ ಹೈಸ್ಕೂಲು. ಈ ಮೂರ್ನಾಲ್ಕು ವರ್ಷಗಳಲ್ಲಿ ಎರಡೂ ಕಡೆ ಗಾಳಿ ಬದಲಾಗಿದೆ. 2024ರಲ್ಲಿ ಏಳನೇ ಕ್ಲಾಸಿನ ಐ.ಸಿ.ಟಿ. (ಕಂಪ್ಯೂಟರ್ ಪಾಠದ) ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಸೇರಿತು. 2025ರ ಜೂನಿನಲ್ಲಿ ಹತ್ತನೇ ಕ್ಲಾಸಿನ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಕಲಿಯುವುದು ಕಡ್ಡಾಯವಾಯಿತು. ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಇದೆ. ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಕೈಟ್ ಸಂಸ್ಥೆ ಇದಕ್ಕಾಗಿ 29 ಸಾವಿರ ರೋಬೋಟಿಕ್ ಕಿಟ್ ಹಂಚಿದೆ. ಅದಕ್ಕೂ ಮೊದಲು, 2018ರಿಂದ, ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಕೂಟ ಇದೆ. ಅದಕ್ಕೆ ಸೇರಲು ಎಂಟನೇ ಕ್ಲಾಸಿನಲ್ಲಿ ಒಂದು ಅಭಿರುಚಿ ಪರೀಕ್ಷೆ.

ಕೇಂದ್ರ ಸರಕಾರದ ಕಡೆಯಿಂದ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾಯಿತು. ಆರರಿಂದ ಹನ್ನೆರಡರ ತನಕದ ಮಕ್ಕಳಿಗೆ ಶಾಲೆಯಲ್ಲೇ ಒಂದು ಕೋಣೆ. ಅದರಲ್ಲಿ ಉಪಕರಣ, ಸೆನ್ಸರ್, ತ್ರೀಡಿ ಪ್ರಿಂಟರ್ ಎಲ್ಲ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ವರೆಗೆ ಸಿಗುತ್ತದೆ. 2025ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರಕಾರಿ ಶಾಲೆಗಳಲ್ಲಿ ಇಂಥ 50 ಸಾವಿರ ಲ್ಯಾಬ್ ಮಾಡುತ್ತೇವೆ ಅಂತ ಘೋಷಣೆಯಾಯಿತು.

ಅಂದರೆ ಈಗ ಯು.ಪಿ.ಯಲ್ಲಿರುವ ಮಗು ಹತ್ತಕ್ಕೆ ಬರುವಾಗ ಅದರ ಕೈಗೆ ಮೋಟರು, ಸೆನ್ಸರ್ ಇರುವ ಪೆಟ್ಟಿಗೆ ಸಿಗುವುದು ಖಂಡಿತ. ಪೆಟ್ಟಿಗೆ ಸಿಗುವುದಕ್ಕೂ ಅದರಿಂದ ಏನಾದರೂ ಮಾಡಲು ಗೊತ್ತಿರುವುದಕ್ಕೂ ನಡುವೆ ದೊಡ್ಡ ತೋಡು ಇದೆ. ಅದಕ್ಕೆ ಸಂಕ (ಕಾಲುಸೇತುವೆ) ಹಾಕುವ ವಯಸ್ಸು ಐದು, ಆರು, ಏಳು.

ವಿಜ್ಞಾನ ಒಂದು, ಎಂಜಿನಿಯರಿಂಗ್ ಇನ್ನೊಂದು

ಇವೆರಡನ್ನು ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಆದರೆ ಕೆಲಸ ಬೇರೆ ಬೇರೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ, ಗುಡ್ಡದಲ್ಲೇ ನೀರಿಗಾಗಿ ಕೊರೆದ ಸುರಂಗ ಇದೆ.

ಮುರಕಲ್ಲಿನಲ್ಲಿ, ಅಂದರೆ ನಮ್ಮ ಗುಡ್ಡಗಳ ಕೆಂಪುಕಲ್ಲಿನಲ್ಲಿ, ಸಣ್ಣ ಸಣ್ಣ ತೂತುಗಳಿವೆ. ಮಳೆನೀರು ಅದರೊಳಗೆ ಇಳಿದು, ಕೆಳಗೆ ನೀರು ಬಿಡದ ಜೇಡಿಮಣ್ಣಿನ ಪದರ ಸಿಕ್ಕಿದಾಗ ಅಲ್ಲೇ ನಿಂತು ಅಡ್ಡಕ್ಕೆ ಸಾಗುತ್ತದೆ. ಇದು ಯಾಕೆ ಹೀಗೆ ಅಂತ ಕೇಳಿ ತಿಳಿಯುವುದು ವಿಜ್ಞಾನ. ಆ ನೀರನ್ನು ಪಂಪಿಲ್ಲದೆ, ಕರೆಂಟಿಲ್ಲದೆ ಮನೆ ಬಾಗಿಲಿಗೆ ತರುವುದು ಹೇಗೆ ಅಂತ ಕೇಳಿ ಒಂದು ದಾರಿ ಮಾಡುವುದು ಎಂಜಿನಿಯರಿಂಗ್. ನಮ್ಮ ಹಿರಿಯರು ಬಾವಿಯ ಹಾಗೆ ಕೆಳಕ್ಕೆ ತೋಡುವ ಬದಲು ಗುಡ್ಡಕ್ಕೆ ಅಡ್ಡಲಾಗಿ ಕೊರೆದರು. ನೆಲಕ್ಕೆ ಸ್ವಲ್ಪವೇ ಇಳಿಜಾರು ಕೊಟ್ಟರು, ನೀರು ತಾನಾಗಿ ಹೊರಗೆ ಬರುವಷ್ಟು. ಒಳಗೆ ಉಸಿರಾಡಲು ಗಾಳಿ ಸಾಕಾ ಅಂತ ತಿಳಿಯಲು ದೀಪ ಹಿಡಿದು ಹೋದರು. ದೀಪ ನಂದಿದರೆ ಹೊರಗೆ ಓಡಬೇಕು. ಉದ್ದ ಜಾಸ್ತಿಯಾದರೆ ಮೇಲಿಂದ ಗಾಳಿಗೆ ಒಂದು ಕಂಡಿ ಇಳಿಸಿದರು. ಹೊರಗೆ ಬಂದ ನೀರನ್ನು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿಸಿ ಕೆರೆಗೋ ತೊಟ್ಟಿಗೋ ಬಿಟ್ಟರು.

ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನೆನಪಿರಬಹುದು. ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದವರು. ಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ. ಈ ಭಾಗವನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆವಿಷ್ಕಾರ ಎಂಬ ಪದ. ಮೊದಲೇ ಇದ್ದದ್ದನ್ನು ಕಂಡುಹಿಡಿದರೆ ಅದು ಶೋಧ. ಗುಡ್ಡದೊಳಗಿನ ನೀರು ಶೋಧ. ಇಲ್ಲದ ಒಂದು ಸಾಧನವನ್ನೋ ಉಪಾಯವನ್ನೋ ಹುಟ್ಟಿಸಿದರೆ ಆವಿಷ್ಕಾರ. ಅದಕ್ಕೆ ದೊಡ್ಡ ಲ್ಯಾಬ್ ಇರಲೇಬೇಕೆಂದಿಲ್ಲ. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ತೆಂಗಿನ ಮರ ಹತ್ತಲು ಮಾಡಿದ ಸಾಧನ ಇವತ್ತು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ತೂಗಾಡುತ್ತಿದೆ. ಒಂದು ಕಾಲು ಒತ್ತಿದಾಗ ಆ ಬದಿ ಮರವನ್ನು ಬಿಗಿಯುತ್ತದೆ, ಇನ್ನೊಂದು ಕಾಲಿನ ಬದಿ ಸಡಿಲವಾಗಿ ಮೇಲೆ ಏರುತ್ತದೆ. ಬಂಟ್ವಾಳ ತಾಲೂಕಿನ ಸಜೀಪದ ಗಣಪತಿ ಭಟ್ಟರು ಅಡಕೆ ಮರ ಹತ್ತುವ ಬೈಕ್ ಮಾಡಿದರು. 2019ರಲ್ಲಿ ಅದರ ವೀಡಿಯೊ ಎಲ್ಲರ ಮೊಬೈಲಿಗೂ ಬಂತು. ಇಬ್ಬರೂ ಕೃಷಿಕರು. ಇಬ್ಬರಿಗೂ ಮರ ಹತ್ತುವವರು ಸಿಗದ ತೊಂದರೆಯಿಂದಲೇ ಯೋಚನೆ ಶುರುವಾದದ್ದು.

ಜ್ವಾಲಾಮುಖಿ ಮಾಡೆಲ್ ಯಾಕೆ ಸಾಲದು

ಶಾಸ್ತ್ರೋತ್ಸವಕ್ಕೆ, ಅಂದರೆ ಕೇರಳದ ಶಾಲೆಗಳ ವಿಜ್ಞಾನ ಮೇಳಕ್ಕೆ ಹೋದವರಿಗೆ ಗೊತ್ತು, ಉಪಜಿಲ್ಲಾ ಮಟ್ಟದಲ್ಲಿ ಎಷ್ಟು ಜ್ವಾಲಾಮುಖಿಗಳು ಬರುತ್ತವೆ ಅಂತ. ಜೇಡಿಮಣ್ಣಿನ ಗುಡ್ಡ, ಒಳಗೆ ಸೋಡಾ ಪುಡಿ, ಮೇಲಿಂದ ವಿನೆಗರ್, ಕೆಂಪು ಬಣ್ಣದ ನೊರೆ. ನೋಡಲು ಚಂದವೇ. ಆದರೆ ಅದರಲ್ಲಿ ಮಗು ತೀರ್ಮಾನ ಮಾಡಬೇಕಾದದ್ದು ಯಾವುದೂ ಇಲ್ಲ. ಹೇಳಿದ ಹಾಗೆ ಮಾಡಿದರೆ ಮೊದಲ ಸಲವೇ ಬರುತ್ತದೆ.

ನನ್ನದೇ ಕತೆ ಹೇಳುತ್ತೇನೆ. ಏಳನೇ ಕ್ಲಾಸಿನಲ್ಲಿ ನಾನು ಗಾಳಿಯಂತ್ರದ ಮಾಡೆಲ್ ಹಿಡಿದುಕೊಂಡು ಹೋಗಿದ್ದೆ. ಮಾಡಿದ್ದು ದೊಡ್ಡಪ್ಪ. ತೀರ್ಪುಗಾರರು ಬಂದು "ರೆಕ್ಕೆ ಮೂರೇ ಯಾಕೆ? ಎರಡಿಟ್ಟರೆ ಏನಾಗುತ್ತಿತ್ತು?" ಅಂತ ಕೇಳಿದರು. ನಾನು ಮಾಡಿನ ಹಂಚು ಎಣಿಸಿದೆ. ಎರಡು ರೆಕ್ಕೆಯದ್ದನ್ನು ಒಮ್ಮೆ ಮಾಡಿ ನೋಡಿದ್ದರೆ ಏನಾದರೂ ಹೇಳಬಹುದಿತ್ತು.

ಗೊತ್ತಿರುವ ಸಂಗತಿಯನ್ನು ತೋರಿಸಲು ಮಾಡುವುದು ಮಾಡೆಲ್. ಗೊತ್ತಿಲ್ಲದ್ದನ್ನು ತಿಳಿಯಲು ಮಾಡುವುದು ಕಚ್ಚಾ ಮಾದರಿ. ಎಂಜಿನಿಯರುಗಳು ಪ್ರೊಟೊಟೈಪ್ ಅನ್ನುವುದು ಇದನ್ನೇ. ಅದು ಚಂದ ಇರಬೇಕಾಗಿಲ್ಲ, ಬೇಗ ಆಗಬೇಕು, ಕಡಿಮೆ ಖರ್ಚಿನಲ್ಲಿ ಆಗಬೇಕು, ಹಾಳಾದರೆ ಬೇಸರ ಆಗಬಾರದು.

ಮಳೆ ಬಂದರೆ ಕೂಗುವ ಪೆಟ್ಟಿಗೆ

ಈಗ ಅಜ್ಜಿಯ ಅಡಕೆಗೆ ಬರೋಣ. ಚಾಲಿ ಅಡಕೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಕೆ, ಒಣಗಲು ಸುಮಾರು 40 ದಿನ ಬೇಕು. ನಡುವೆ ಒಂದು ಅಕಾಲ ಮಳೆ ಬಂದರೆ ಬೂಸರು ಹಿಡಿದು ರೇಟು ಹೋಗುತ್ತದೆ. ಸೋಮವಾರ ಕ್ಲಾಸಿನಲ್ಲಿ ನಾಲ್ಕು ಮಕ್ಕಳ ಒಂದು ಗುಂಪು ಈ ತೊಂದರೆಯನ್ನೇ ಆರಿಸಿಕೊಂಡಿತು. ಎಲ್ಲರ ಮನೆಯಲ್ಲೂ ಅಂಗಳ, ಎಲ್ಲರ ಅಂಗಳದಲ್ಲೂ ಅಡಕೆ.

ಟೀಚರ್ ಮೊದಲು ಷರತ್ತು ಬರೆಸಿದರು. ಮಳೆ ಶುರುವಾಗಿ ಒಂದು ನಿಮಿಷದೊಳಗೆ ಸದ್ದಾಗಬೇಕು. ಜಗಲಿಯಲ್ಲಿ ಮಲಗಿದ ಅಜ್ಜಿಗೆ ಕೇಳಬೇಕು. ಖರ್ಚು ನೂರು ರೂಪಾಯಿ ದಾಟಬಾರದು. ಮನೆಯ ಕರೆಂಟಿಗೆ ಕೈ ಹಾಕಬಾರದು, ಪೆನ್ ಸೆಲ್ ಮಾತ್ರ.

ಮೊದಲ ಪ್ರಯತ್ನ: ಎರಡು ತಂತಿಯ ತುದಿಗಳನ್ನು ಹತ್ತಿರ ಹತ್ತಿರ ಇಡುವುದು, ಮೇಲೆ ನೀರು ಬಿದ್ದರೆ ಕರೆಂಟು ದಾಟಿ ಬಝರ್ ಕೂಗಬೇಕು. ನೀರಿನಲ್ಲಿ ಕರೆಂಟು ಹರಿಯುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ? ನೀರು ಹಾಕಿದರು. ಬಝರ್ ಸುಮ್ಮನಿತ್ತು. ಸೆಲ್ ಬದಲಿಸಿದರು, ಆಗಲೂ ಇಲ್ಲ. ನೀರಿನಲ್ಲಿ ಕರಗಿದ ಲವಣಗಳಿಂದಲೇ ಕರೆಂಟು ಚೆನ್ನಾಗಿ ಹರಿಯುವುದು. ಮಳೆನೀರಿನಲ್ಲಿ ಅದು ತುಂಬಾ ಕಡಿಮೆ. ಎರಡು ಪೆನ್ ಸೆಲ್ಲಿನ ಮೂರು ವೋಲ್ಟಿಗೆ ಬಝರ್ ಕೂಗಿಸುವಷ್ಟು ಕರೆಂಟನ್ನು ಅದರ ಮೂಲಕ ತಳ್ಳಲು ಆಗುವುದಿಲ್ಲ. (ಹಾಗಂತ ಒದ್ದೆ ಕೈಯಲ್ಲಿ ಮನೆಯ ಸ್ವಿಚ್ ಮುಟ್ಟಬೇಡಿ. ಅಲ್ಲಿರುವುದು 230 ವೋಲ್ಟು.) ಒಬ್ಬ ಉಪ್ಪು ಉದುರಿಸಿದ. ಕೂಗಿತು! ಆದರೆ ಎರಡನೇ ಸಲ ನೀರು ಹಾಕುವಾಗ ಉಪ್ಪು ತೊಳೆದು ಹೋಗಿತ್ತು.

ಇಲ್ಲಿ ಟ್ರಾನ್ಸಿಸ್ಟರ್ ಎಂಬ ಸಣ್ಣ ಬಿಡಿಭಾಗ ಹಾಕಬಹುದಿತ್ತು. ತೋಟದಲ್ಲಿ ಒಂದು ಬೆರಳಿನಿಂದ ಗೇಟ್‌ವಾಲ್ವ್ ತಿರುಗಿಸಿದರೆ ದೊಡ್ಡ ಪೈಪಿನ ನೀರು ಬರುವ ಹಾಗೆ, ಟ್ರಾನ್ಸಿಸ್ಟರಿಗೆ ಚೂರೇ ಕರೆಂಟು ಕೊಟ್ಟರೂ ಅದು ಜಾಸ್ತಿ ಕರೆಂಟಿಗೆ ದಾರಿ ಬಿಡುತ್ತದೆ. ಹೈಸ್ಕೂಲಿನ ಮಕ್ಕಳಾದರೆ ಹಾಗೇ ಮಾಡುತ್ತಿದ್ದರು. ಆರನೇ ಕ್ಲಾಸಿನವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ.

ಎರಡನೇ ಪ್ರಯತ್ನ ನಮ್ಮ ಮನೆಯಲ್ಲೇ ನಡೆಯಿತು. ಬಟ್ಟೆ ಒಣಗಿಸುವ ಕ್ಲಿಪ್ ತೆಗೆದುಕೊಂಡು, ಅದರ ಎರಡು ಹಲ್ಲಿಗೂ ಅಲ್ಯುಮಿನಿಯಂ ಹಾಳೆ ಸುತ್ತಿ, ಒಂದೊಂದಕ್ಕೆ ಒಂದೊಂದು ತಂತಿ. ಹಲ್ಲು ಮುಚ್ಚಿದರೆ ಸರ್ಕಿಟ್ ಪೂರ್ತಿ, ಬಝರ್ ಕೂಗುತ್ತದೆ. ಮುಚ್ಚದ ಹಾಗೆ ನಡುವೆ ನೀರಿಗೆ ಕರಗುವ ಏನಾದರೂ ಇಡಬೇಕು. ಜಾತ್ರೆಯಿಂದ ತಂದ ಬತ್ತಾಸು ಇತ್ತು, ಇಟ್ಟರು. ನೀರು ಹಾಕಿದ ಸ್ವಲ್ಪ ಹೊತ್ತಿಗೆ ಬತ್ತಾಸು ಕರಗಿ ಬಝರ್ ಕೂಗಿತು. ಮಕ್ಕಳು ಅಂಗಳ ತುಂಬಾ ಕುಣಿದರು. ಮರುದಿನ ಬೆಳಿಗ್ಗೆ ಬಿಸಿಲು ಸುಡುತ್ತಿರುವಾಗ ಬಝರ್ ಮತ್ತೆ ಕೂಗಿತು. ಹೋಗಿ ನೋಡಿದರೆ ಬತ್ತಾಸಿಗೆ ಇರುವೆ ಮುತ್ತಿ ಅರ್ಧ ತಿಂದು ಮುಗಿಸಿತ್ತು. "ಮಾವ, ಇದು ಮಳೆ ಗಂಟೆ ಅಲ್ಲ, ಇರುವೆ ಗಂಟೆ" ಅಂದಳು.

ಮೂರನೆಯದಕ್ಕೆ ಕ್ಲಿಪ್ಪನ್ನು ತಿರುಗಿಸಿ ಯೋಚಿಸಿದರು. ಕ್ಲಿಪ್ಪಿನ ಹಿಡಿಗಳನ್ನು ಒತ್ತಿದರೆ ಹಲ್ಲು ತೆರೆಯುತ್ತದೆ. ಹಿಡಿಗಳನ್ನು ಒತ್ತಿದ ಹಾಗೇ ಪೇಪರ್ ಪಟ್ಟಿಯಿಂದ ಕಟ್ಟಿಬಿಟ್ಟರೆ? ಪೇಪರು ಒಣಗಿರುವಾಗ ಗಟ್ಟಿ, ಒದ್ದೆಯಾದರೆ ಜೀವ ಇಲ್ಲ. ಪಟ್ಟಿ ಹರಿದ ಕೂಡಲೇ ಸ್ಪ್ರಿಂಗು ಹಲ್ಲನ್ನು ಮುಚ್ಚುತ್ತದೆ. ಹಳೆ ಪೇಪರಿನ ಪಟ್ಟಿ ಕತ್ತರಿಸಿ, ಸುತ್ತಿ, ಅನ್ನದ ಅಗುಳು ತಿಕ್ಕಿ ಅಂಟಿಸಿದರು. ಕ್ಲಿಪ್ ಅಂಗಳದಲ್ಲಿ, ಉದ್ದ ತಂತಿ, ಬಝರ್ ಮತ್ತು ಸೆಲ್ ಜಗಲಿಯಲ್ಲಿ. ಇರುವೆಗೆ ಪೇಪರಿನಲ್ಲಿ ಆಸಕ್ತಿ ಇರಲಿಲ್ಲ.

ಆಮೇಲೆ ನಡೆದದ್ದೇ ಅಸಲು ಪಾಠ. ಕ್ಯಾಲೆಂಡರಿನ ದಪ್ಪ ಕಾಗದದ ಪಟ್ಟಿ ಒಂದು, ನೋಟ್‌ಬುಕ್ ಹಾಳೆಯದ್ದು ಒಂದು, ದಿನಪತ್ರಿಕೆಯದ್ದು ಒಂದು. ಮೂರೂ ಒಂದೇ ಅಗಲ. ಹೂವಿನ ಗಿಡಕ್ಕೆ ನೀರು ಹಾಕುವ ಡಬ್ಬದಿಂದ ಒಂದೇ ಎತ್ತರದಲ್ಲಿ ನೀರು ಹನಿಸಿ, ಮೊಬೈಲಿನಲ್ಲಿ ಸೆಕೆಂಡ್ ಲೆಕ್ಕ. ಕ್ಯಾಲೆಂಡರ್ ಕಾಗದಕ್ಕೆ ಕಾದು ಕಾದು ಸಾಕಾಯಿತು, ಮೇಲಿನ ನುಣುಪಿನಿಂದ ನೀರು ಜಾರಿಯೇ ಹೋಗುತ್ತಿತ್ತು. ದಿನಪತ್ರಿಕೆ ಗೆದ್ದಿತು. ಆದರೂ ತೆಳು ಹನಿ ಮಳೆಗೆ ಅದೂ ತಡ. ಅಜ್ಜಿ ಕೂತಲ್ಲಿಂದಲೇ ಹೇಳಿದರು: "ಆ ಪಟ್ಟಿ ಎಷ್ಟು ಸಣ್ಣ ಇದೆ. ಹನಿ ಅದರ ಮೇಲೆಯೇ ಬೀಳಬೇಕಲ್ಲ. ಅಷ್ಟರಲ್ಲಿ ಅಡಕೆ ಚಂಡಿ."

ಅಜ್ಜಿಯ ಈ ಮಾತಿನಿಂದ ನಾಲ್ಕನೆಯದು ಹುಟ್ಟಿತು. ಪ್ಲಾಸ್ಟಿಕ್ ಬಾಟಲಿಯ ಮೇಲರ್ಧ ಕತ್ತರಿಸಿ ಬುಡಮೇಲು ಮಾಡಿ ಕ್ಲಿಪ್ಪಿನ ಮೇಲೆ ಆಲಿಕೆಯ ಹಾಗೆ ಹಿಡಿಸಿದರು. ಅಗಲ ಜಾಗದಲ್ಲಿ ಬಿದ್ದ ಹನಿಯೆಲ್ಲ ಒಟ್ಟಾಗಿ ಪಟ್ಟಿಯ ಮೇಲೆಯೇ ಇಳಿಯುತ್ತದೆ. ಒಂದು ನಿಮಿಷದೊಳಗೆ ಸದ್ದಾಗಬೇಕೆಂಬ ಷರತ್ತು ಆಗ ಪೂರೈಸಿತು.

ಇದಕ್ಕೆಲ್ಲ ಹೆಸರುಗಳಿವೆ

ಈ ಕತೆಯಲ್ಲಿ ಎಂಜಿನಿಯರಿಂಗಿನ ಪೂರ್ತಿ ದಾರಿ ಇದೆ. ಯಾರಿಗೆ ಏನು ತೊಂದರೆ ಅಂತ ಸರಿಯಾಗಿ ಕೇಳುವುದು ಮೊದಲನೆಯದು. ಆಮೇಲೆ ಷರತ್ತು ಮತ್ತು ಮಿತಿ: ಎಷ್ಟು ಹೊತ್ತು, ಎಷ್ಟು ದುಡ್ಡು, ಏನು ಮುಟ್ಟಬಾರದು. ನಂತರ ನಾಲ್ಕಾರು ಯೋಚನೆ, ಅದರಲ್ಲಿ ಒಂದರ ಕಚ್ಚಾ ಮಾದರಿ, ಪರೀಕ್ಷೆ, ತಿದ್ದುಪಡಿ, ಮತ್ತೆ ಪರೀಕ್ಷೆ. ಪುಸ್ತಕಗಳಲ್ಲಿ ಇದನ್ನು ಚಕ್ರದ ಚಿತ್ರ ಬಿಡಿಸಿ ತೋರಿಸುತ್ತಾರೆ. ನಿಜದಲ್ಲಿ ಅದು ಅಷ್ಟು ಉರುಟು ಇರುವುದಿಲ್ಲ. ಮೂರನೇ ಮೆಟ್ಟಿಲಿನಿಂದ ಮೊದಲನೆಯದಕ್ಕೆ ಬೀಳುವುದೂ ಉಂಟು.

ಪರೀಕ್ಷೆಯಲ್ಲಿ ಒಂದು ನಿಯಮ ಇದೆ, ಅದನ್ನು ದೋಸೆಯಿಂದ ಹೇಳಬಹುದು. ಮೊದಲ ದೋಸೆ ಕಾವಲಿಗೆ ಅಂಟಿತು. ನೀವು ಬೆಂಕಿ ಕಡಿಮೆ ಮಾಡಿ, ಎಣ್ಣೆ ಜಾಸ್ತಿ ಹಾಕಿ, ಹಿಟ್ಟಿಗೆ ನೀರೂ ಸೇರಿಸಿದಿರಿ. ಎರಡನೆಯದು ಚಂದ ಎದ್ದು ಬಂತು. ಯಾವುದರಿಂದ? ಗೊತ್ತಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಕಾರಣ ಸಿಗುತ್ತದೆ. ಮೂರು ಕಾಗದದ ಪಟ್ಟಿಗೂ ಒಂದೇ ಅಗಲ ಇಟ್ಟದ್ದು ಇದಕ್ಕೇ.

ಹಾಗೇ ನೋಟ್‌ಬುಕ್ಕು. ಕ್ಲಾಸಿನ ನೋಟ್ಸ್ ಬೇರೆ, ಇದು ಬೇರೆ. ತಾರೀಕು, ಏನು ಮಾಡಿದೆವು, ಏನಾಯಿತು, ಯಾಕೆ ಇರಬಹುದು, ಮುಂದೆ ಏನು. ವಕ್ರ ಚಿತ್ರ ಆದರೂ ಅಡ್ಡಿಯಿಲ್ಲ. ಇರುವೆಯ ಸಂಗತಿಯೂ ಅದರಲ್ಲಿ ಬರಬೇಕು. ನಮ್ಮ ಮಕ್ಕಳ ಪುಸ್ತಕದಲ್ಲಿ ಕನ್ನಡದ ನಡುವೆ ಒಂದೆರಡು ತುಳು ಪದ, ಒಂದು ಮಲಯಾಳ ಪದ, ಸ್ವಿಚ್ಚು ಸರ್ಕಿಟ್ಟುಗಳು ಇಂಗ್ಲಿಷ್. ಟೀಚರ್ ತಿದ್ದಲಿಲ್ಲ. ಯೋಚನೆ ಓಡುವ ಭಾಷೆಯಲ್ಲೇ ಬರೆಯಲಿ ಬಿಡಿ.

ಹಾಳೆಯಿಂದ ಕಲಿಯುವುದು

ಯೋಜನೆ ಅಂದ ಕೂಡಲೇ ಕಿಟ್ ಖರೀದಿಸಬೇಕಾ ಅಂತ ಕೇಳುವವರಿಗೆ ಒಂದು ಮಾತು. ಐದನೇ ಕ್ಲಾಸಿಗೆ ಅಡಕೆ ಹಾಳೆಯಷ್ಟು (ಅಡಕೆ ಸೋಗೆಯ ಬುಡದ ಅಗಲ ಭಾಗ) ಒಳ್ಳೆಯ ಸಾಮಗ್ರಿ ಹುಡುಕಿದರೂ ಸಿಗದು. ತೋಟದಲ್ಲಿ ಬಿದ್ದಿರುತ್ತದೆ. ಉದ್ದಕ್ಕೆ ಎಳೆದರೆ ಸರ್ರನೆ ಸೀಳುತ್ತದೆ, ಅಡ್ಡಕ್ಕೆ ಹರಿಯಲು ನೋಡಿ, ಆಗುವುದಿಲ್ಲ. ಯಾಕೆಂದರೆ ನಾರು ಒಂದೇ ದಿಕ್ಕಿಗೆ ಓಡಿದೆ. ಒಣಗಿದ್ದನ್ನು ಮಡಚಿದರೆ ಬಿರಿಯುತ್ತದೆ, ನೀರಿನಲ್ಲಿ ನೆನೆಸಿದರೆ ಹೇಳಿದ ಹಾಗೆ ಬಾಗುತ್ತದೆ, ಬಾಗಿದ ಹಾಗೇ ಒಣಗಿಸಿದರೆ ಆ ಆಕಾರ ಉಳಿಯುತ್ತದೆ. ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಹೊಲಿಯುವವರಿಗೆ ಇದು ಗೊತ್ತು. ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವವರಿಗೂ ಗೊತ್ತು.

ಎರಡು ಹಾಳೆಯ ತುಂಡನ್ನು ನಾರು ಒಂದಕ್ಕೊಂದು ಅಡ್ಡ ಬರುವ ಹಾಗೆ ಅಂಟಿಸಿ, ಎರಡು ಇಟ್ಟಿಗೆಯ ನಡುವೆ ಸಂಕದ ಹಾಗೆ ಇಟ್ಟು, ಮೇಲೆ ಒಂದೊಂದೇ ಅಡಕೆ ಹೇರುತ್ತಾ ಹೋಗಿ. ಒಂದೇ ದಿಕ್ಕಿಗೆ ಅಂಟಿಸಿದ್ದರ ಜೊತೆ ಹೋಲಿಸಿ. ಪ್ಲೈವುಡ್ ಯಾಕೆ ಪದರ ಪದರವಾಗಿದೆ ಅಂತ ಆ ಮಕ್ಕಳಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ. ವೃತ್ತಿ ಪರಿಚಯ ಮೇಳದಲ್ಲಿ ಮಕ್ಕಳು ಹಾಳೆಯಿಂದ ವಸ್ತು ಮಾಡುವುದು ಮೊದಲಿನಿಂದಲೂ ಇದೆ. ಅದರ ಪಕ್ಕದಲ್ಲಿ "ಇದು ಯಾಕೆ ಹೀಗೆ?" ಎಂಬ ಪ್ರಶ್ನೆ ಇಟ್ಟರೆ ಅದೇ ಎಂಜಿನಿಯರಿಂಗ್ ಆಗುತ್ತದೆ.

ಕೈಕೆಲಸದಿಂದ ಕಲಿಸುವುದು ಹೊಸ ಮಾತೂ ಅಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ತಿರುಳೇ ಅದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿಯ ಮಾಧ್ಯಮಿಕ ಶಾಲೆಗಳಿಗೆಂದೇ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಅದರ ಸಂಪರ್ಕಕ್ಕೆ ಬಂದ ಅರವಿಂದ ಗುಪ್ತಾ ಮುಂದೆ ಬೆಂಕಿಕಡ್ಡಿ, ಸೈಕಲ್ ಟ್ಯೂಬು, ಕಸದ ಬಾಟಲಿಗಳಿಂದ ನೂರಾರು ಆಟಿಕೆ ಮಾಡಿ ತೋರಿಸಿದರು. 2018ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ರೋಬೋಟ್ ಕಿಟ್ಟಿನೊಳಗೆ ಏನಿದೆ

ಹತ್ತನೆಯವರ ಪೆಟ್ಟಿಗೆ ತೆರೆದರೆ ಹೆದರುವಂಥದ್ದೇನೂ ಇಲ್ಲ. ಅದರಲ್ಲಿ ಮೂರು ಜಾತಿಯ ಸಾಮಾನು. ಹೊರಗೆ ಏನಾಗುತ್ತಿದೆ ಅಂತ ತಿಳಿಯುವುದು ಸೆನ್ಸರ್. ಅದನ್ನು ಕೇಳಿ ತೀರ್ಮಾನ ಮಾಡುವುದು ಕಂಟ್ರೋಲರ್ ಬೋರ್ಡು. ತೀರ್ಮಾನದ ಪ್ರಕಾರ ಕೆಲಸ ಮಾಡುವುದು ಮೋಟರು, ಲೈಟು, ಬಝರ್. ನಮ್ಮ ಮನೆಯ ನೀರಿನ ಟ್ಯಾಂಕು ತುಂಬಿ ಹರಿಯುವಾಗ ಯಾರೋ ನೋಡುತ್ತಾರೆ, "ಆಫ್ ಮಾಡು" ಅಂತ ಕೂಗುತ್ತಾರೆ, ಯಾರೋ ಓಡಿ ಸ್ವಿಚ್ ಒತ್ತುತ್ತಾರೆ. ಕಣ್ಣು, ತಲೆ, ಕೈ. ಈ ಮೂರನ್ನೂ ಯಂತ್ರಕ್ಕೆ ಒಪ್ಪಿಸಿದರೆ ಅದೇ ಆಟೊಮ್ಯಾಟಿಕ್ ಪಂಪು.

ಬೋರ್ಡಿಗೆ ಬರೆದು ಕೊಡುವ ಆಜ್ಞೆಗಳ ಸರಣಿ ಪ್ರೋಗ್ರಾಮ್. ಅದರ ಮುಖ್ಯ ವಾಕ್ಯ ಒಂದೇ: ಹೀಗಾದರೆ ಹೀಗೆ ಮಾಡು. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದರೆ ವೇಷ ಕುಣಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಬೋರ್ಡಿನದ್ದು ಭಾಗವತರ ಜಾಗ. ವ್ಯತ್ಯಾಸ ಏನೆಂದರೆ ಭಾಗವತರು ವೇಷಧಾರಿಗೆ ಸುಸ್ತಾದದ್ದು ನೋಡಿ ಪದ ಮೊಟಕು ಮಾಡುತ್ತಾರೆ. ಬೋರ್ಡು ಬರೆದದ್ದನ್ನು ಮಾತ್ರ ಮಾಡುತ್ತದೆ.

ಮಕ್ಕಳ ಮಳೆ ಗಂಟೆಯಲ್ಲಿ ಸೆನ್ಸರ್ ಇದೆ: ಪೇಪರ್ ಪಟ್ಟಿ. ಬಝರ್ ಇದೆ. ತಲೆ ಮಾತ್ರ ಇಲ್ಲ. ಅದನ್ನು ಮಾಡಿದ ಮಗುವಿಗೆ ನಾಲ್ಕು ವರ್ಷದ ನಂತರ ಮಳೆ ಸೆನ್ಸರ್ ಕೊಟ್ಟರೆ ಅದು ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ: "ಇದಕ್ಕೆ ಮಳೆ ಗೊತ್ತಾಗುವುದು ಹೇಗೆ?"

ಯಾಕೆ ಇದೇ ವಯಸ್ಸು

ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಬಹಳ ಕಾಲ ಗಮನಿಸಿದ ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ, ಹನ್ನೊಂದು ಹನ್ನೆರಡರ ಸುಮಾರಿಗೆ ಮಕ್ಕಳು ಕಣ್ಣೆದುರು ಇಲ್ಲದ್ದನ್ನೂ "ಹೀಗೆ ಮಾಡಿದರೆ ಏನಾದೀತು" ಅಂತ ಯೋಚಿಸತೊಡಗುತ್ತಾರೆ ಅಂದರು. ಆದರೆ ಇನ್ನೂ ಕೈಯಲ್ಲಿ ಹಿಡಿದೇ ಯೋಚಿಸುವ ಅಭ್ಯಾಸ ಬಿಟ್ಟಿರುವುದಿಲ್ಲ. ಕೈ ಮತ್ತು ತಲೆ ಎರಡೂ ಒಟ್ಟಿಗಿರುವ ವರ್ಷಗಳು ಇವು. ಕತ್ತರಿ, ಸ್ಕ್ರೂಡ್ರೈವರ್ ಹಿಡಿಯುವ ಬಲವೂ ಬಂದಿರುತ್ತದೆ. ಪಬ್ಲಿಕ್ ಪರೀಕ್ಷೆಯ ಭಯ ಇನ್ನೂ ಹತ್ತಿರ ಬಂದಿಲ್ಲ.

ಟೀಚರ್ ಏನು ಮಾಡುತ್ತಾರೆ, ಮಾರ್ಕು ಹೇಗೆ

ಇಲ್ಲಿ ಟೀಚರಿಗೆ ಕೆಲಸ ಕಡಿಮೆ ಅಂತ ತಿಳಿಯಬೇಡಿ. ಉತ್ತರ ಹೇಳದೆ ಇರುವುದು ಉತ್ತರ ಹೇಳುವುದಕ್ಕಿಂತ ಕಷ್ಟ. ಉಪ್ಪು ತೊಳೆದು ಹೋದಾಗ "ಟ್ರಾನ್ಸಿಸ್ಟರ್ ಹಾಕಿ" ಅಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅವರು "ನೀರು ಬಿದ್ದಾಗ ಬದಲಾಗುವ ಇನ್ನೇನಿದೆ?" ಅಂತ ಮಾತ್ರ ಕೇಳಿದರಂತೆ. ಇನ್ನೊಂದು ಕಣ್ಣು ಗುಂಪಿನ ಮೇಲೆ ಇಡಬೇಕು. ಬಿಟ್ಟರೆ ಸ್ಕ್ರೂಡ್ರೈವರ್ ಒಬ್ಬ ಹುಡುಗನ ಕೈಯಲ್ಲೇ ಉಳಿಯುತ್ತದೆ, ಬರೆಯುವ ಕೆಲಸ ಹುಡುಗಿಯ ಪಾಲಿಗೆ ಬರುತ್ತದೆ. ಅದಕ್ಕೇ ಆ ಕ್ಲಾ‌ಸಿನಲ್ಲಿ ಪ್ರತಿ ವಾರ ಕೆಲಸ ಬದಲು.

ಮಾರ್ಕು ಕೊಡುವುದು ವಸ್ತು ಎಷ್ಟು ಚಂದ ಇದೆ ಅಂತ ನೋಡಿ ಅಲ್ಲ. ಎಷ್ಟು ಸಲ ಪರೀಕ್ಷಿಸಿದರು, ತಪ್ಪಿನಿಂದ ಏನು ಬದಲಿಸಿದರು, ಕಾರಣ ಹೇಳಲು ಗೊತ್ತಾ, ಬಳಸುವವರನ್ನು ಕೇಳಿದರಾ, ಇವುಗಳಿಗೆ. ಹೀಗಾದರೆ ಕೆಲಸ ಮಾಡದ ವಸ್ತುವಿಗೂ ಒಳ್ಳೆಯ ಮಾರ್ಕು ಬರಬಹುದು. ಅಪ್ಪ ಅಮ್ಮಂದಿರಿಗೆ ಅರಗದ ವಿಷಯ ಇದೇ. ಮೂರು ಒಣ ಸುರಂಗ ಕೊರೆದವನಿಗೆ ಗುಡ್ಡದ ಬಗ್ಗೆ ಗೊತ್ತಿರುವಷ್ಟು, ಮೊದಲನೆಯದರಲ್ಲೇ ನೀರು ಕಂಡವನಿಗೆ ಗೊತ್ತಿರುವುದಿಲ್ಲ ಅಲ್ವಾ?

ಒಳ್ಳೆಯ ಯೋಚನೆ ಇರುವ ಮಕ್ಕಳಿಗೆ ಮುಂದೆಯೂ ದಾರಿ ಇದೆ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಆರನೇ ಕ್ಲಾಸಿನಿಂದಲೇ ಶಾಲೆಯ ಮೂಲಕ ಯೋಚನೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10 ಸಾವಿರ ರೂಪಾಯಿ ಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು

ಮೊದಲು, ಮಾಡಿಕೊಡಬೇಡಿ. ದೊಡ್ಡಪ್ಪನ ಗಾಳಿಯಂತ್ರ ನೆನಪಿರಲಿ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಳಾದ ಟಾರ್ಚು, ಆಟಿಕೆಯ ಮೋಟರು, ಹಗ್ಗ, ಬಾಟಲಿ, ಸೈಕಲ್ ಟ್ಯೂಬು ಕೂಡಿಟ್ಟರೆ ಸಾಕು. ಏನಾದರೂ ಕೇಳಿದರೆ "ನಿನಗೆ ಏನನಿಸುತ್ತದೆ?" ಅಂತ ಒಮ್ಮೆ ತಿರುಗಿ ಕೇಳಿ. ಮೂರನೇ ಸಲಕ್ಕೆ ಹೇಳಿಕೊಡಿ, ಅಷ್ಟು ಹಠ ಬೇಡ.

ಕೆಲವು ಕಡೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಬೇಕು. ಗೋಡೆಯ ಪ್ಲಗ್ಗಿನ ಕರೆಂಟು ಯಾವ ಯೋಜನೆಗೂ ಬೇಡ. ಹಳೆ ಮೊಬೈಲಿನ ಬ್ಯಾಟರಿ ಬಿಚ್ಚುವುದು, ಚುಚ್ಚುವುದು ಬೇಡವೇ ಬೇಡ, ಅದಕ್ಕೆ ಬೆಂಕಿ ಹತ್ತುತ್ತದೆ. ಪೆನ್ ಸೆಲ್ಲಿನ ಎರಡು ತುದಿಗೆ ನೇರ ತಂತಿ ಜೋಡಿಸಿದರೂ ಬಿಸಿಯಾಗುತ್ತದೆ. ಹಾಳೆ ಕೊಯ್ಯುವಾಗ ದೊಡ್ಡವರು ಪಕ್ಕದಲ್ಲಿರಲಿ. ಕಾದ ಅಂಟು ಬಿಡುವ ಗ್ಲೂ ಗನ್ನಿಗೂ ಅದೇ ಮಾತು.

ಮಳೆ ಗಂಟೆ ಎಲ್ಲಿಗೆ ಬಂತು ಅಂತ ಕೇಳುತ್ತೀರಿ. ಜನವರಿಯಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಅದು ಕೂಗಿತು. ಅಜ್ಜಿ ದಡಬಡ ಎದ್ದು ಟಾರ್ಚು ಹಿಡಿದು ಅಂಗಳಕ್ಕೆ ಓಡಿದರು, ಹಿಂದೆ ನಾನೂ ಟರ್ಪಾಲು ಎಳೆದುಕೊಂಡು ಹೋದೆ. ಆಕಾಶ ತುಂಬಾ ನಕ್ಷತ್ರ. ಬಾಟಲಿಯ ಆಲಿಕೆಯಲ್ಲಿ ಇಬ್ಬನಿ ಕಟ್ಟಿ, ಒಂದೊಂದೇ ಹನಿಯಾಗಿ ಇಳಿದು, ಪಟ್ಟಿ ಹರಿದಿತ್ತು. ಅಜ್ಜಿ ಬೈಯುತ್ತಾ ಒಳಗೆ ಹೋದರು. ಬೆಳಿಗ್ಗೆ ಹುಡುಗಿ ಬಂದು ವಿಷಯ ಕೇಳಿ ನೋಟ್‌ಬುಕ್ ತೆರೆದಳು. ಇರುವೆಯ ಪುಟ ದಾಟಿ, ಖಾಲಿ ಪುಟದ ಮೇಲೆ "ಇಬ್ಬನಿ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ಮಾವ, ನಾಳೆ ಐದು ಗಂಟೆಗೆ ನನ್ನನ್ನು ಎಬ್ಬಿಸ್ತೀರಾ? ಎಷ್ಟು ಹನಿ ಬೀಳುತ್ತದೆ ನೋಡಬೇಕು" ಅಂದಳು.